ಗೊರಕೆಗೂ ಹಲ್ಲಿನ ಡಾಕ್ಟ್ರಿಗೂ ಏನು ಸಂಬಂಧ?

ಓದುಗರ ಪ್ರಶ್ನೆ, ದಂತವೈದ್ಯೆಯ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಗೊರಕೆದೇ ಜಾಸ್ತಿ, ಅದಕ್ಕೆ ಬೇರೆದೆಲ್ಲ ಮುಂದಿನ ತಿಂಗಳಿಗೆ ಇಟ್ಕೊಂಡು ಅಂಕಣ ಪೂರ್ತಿ ಇದಕ್ಕೇ ಬಿಟ್ಟಿದೀನಿ.

ಪ್ರಶ್ನೆ: ಮೇಡಂ, ನಮ್ಮೆಜಮಾನ್ರಿಗೆ 43 ವರ್ಷ. ಗೊರಕೆ ಎಷ್ಟು ಜೋರು ಅಂದ್ರೆ ನಾನೀಗ ಮಗಳ ರೂಮಲ್ಲಿ ಮಲಗ್ತಾ ಇದೀನಿ. ಸ್ಲೀಪ್ ಟೆಸ್ಟ್ ಮಾಡಿಸಿದ್ವಿ, ಗಂಟೆಗೆ 9 ಅಂತ ಬಂದಿದೆ, ಮೈಲ್ಡ್ ಅಂದ್ರು, ಹಲ್ಲಿಗೆ ಹಾಕೋ ಡಿವೈಸ್ ಮಾಡಿಸಿ ಅಂದ್ರು. ಗೊರಕೆ ಬರೋದು ಗಂಟಲಲ್ಲಿ, ಹಲ್ಲಿಗೆ ಯಾಕೆ ಹಾಕ್ಬೇಕು? ಆನ್‌ಲೈನಲ್ಲಿ ಅದೇ ಥರದ್ದು ಕಮ್ಮಿ ರೇಟಿಗೆ ಸಿಗತ್ತಲ್ಲ, ಅದು ಆಗಲ್ವಾ? (ಗೃಹಿಣಿ, ದಾವಣಗೆರೆ)

ಉತ್ತರ: ಓದ್ತಾ ಇರೋರೆಲ್ಲ ಈಗಲೇ ಒಂದು ಕೆಲಸ ಮಾಡಿ ನೋಡಿ. ಬಾಯಿ ಸ್ವಲ್ಪ ತೆಗೆದು, ಬೇಕಂತಲೇ ಗೊರಕೆ ಸೌಂಡ್ ಮಾಡಿ. ಆಮೇಲೆ ಕೆಳಗಿನ ಹಲ್ಲು ಮೇಲಿನ ಹಲ್ಲಿಗಿಂತ ಮುಂದೆ ಬರೋ ಹಾಗೆ ದವಡೆನ ಮುಂದಕ್ಕೆ ಚಾಚಿ, ಹಾಗೇ ಇಟ್ಕೊಂಡು ಮತ್ತೆ ಅದೇ ಸೌಂಡ್ ಮಾಡಿ. ತುಂಬಾ ಜನಕ್ಕೆ ಸೌಂಡ್ ಬರೋದೇ ಕಷ್ಟ ಆಗತ್ತೆ, ಬಂದ್ರೂ ಸಣ್ಣಗಾಗತ್ತೆ. ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಅಲ್ಲೇ.

ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲ ಆಗ್ತವೆ, ಅಂಗಾತ ಮಲಗಿದ್ರೆ ನಾಲಗೆ ಹಿಂದಕ್ಕೆ ಜಾರತ್ತೆ, ಗಾಳಿ ಹೋಗೋ ದಾರಿ ಕಿರಿದಾಗಿ ಅಂಗುಳದ ಹಿಂಭಾಗ, ಕಿರುನಾಲಗೆ ಎಲ್ಲ ಪಟಪಟ ಅದುರತ್ತೆ. ಆ ಅದುರಾಟವೇ ಗೊರಕೆ. ನಾಲಗೆಯ ಬುಡ ಅಂಟ್ಕೊಂಡಿರೋದು ಕೆಳದವಡೆಗೆ, ಹಾಗಾಗಿ ದವಡೆ ಮುಂದಕ್ಕೆ ಬಂದ್ರೆ ನಾಲಗೆನೂ ಅದರ ಜೊತೆ ಬರತ್ತೆ, ಹಿಂದೆ ದಾರಿ ಬಿಡತ್ತೆ. ಆದ್ರೆ ನಿದ್ದೆಲಿ ದವಡೆನ ಹಿಡಿದುಕೊಳ್ಳೋರು ಯಾರು? ಹಲ್ಲನ್ನೇ ಹಿಡಿಕೆ ಮಾಡ್ಕೊಂಡು ಹಿಡೀಬೇಕು, ಅದಕ್ಕೇ ನಮ್ಮ ಹತ್ರ ಕಳಿಸೋದು. ಇದೇನು ಹೊಸ ವಿದ್ಯೆ ಅಲ್ಲ, ಕೆಳದವಡೆ ಚಿಕ್ಕದಾಗಿ ಹುಟ್ಟಿ, ನಾಲಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟೋ ಮಕ್ಕಳಿಗೆ ದವಡೆ ಮುಂದೆ ತರೋ ಉಪಾಯವನ್ನ ಫ್ರಾನ್ಸಿನ ಪಿಯರ್ ರಾಬಿನ್ ಅನ್ನೋ ಡಾಕ್ಟರು ಕಳೆದ ಶತಮಾನದ ಮೊದಲ ಭಾಗದಲ್ಲೇ ಮಾಡಿದ್ರು.

9 ಅಂದ್ರೆ ಏನು ಅಂತ ನಿಮಗೆ ಯಾರೂ ಬಿಡಿಸಿ ಹೇಳಿಲ್ಲ ಅನ್ಸತ್ತೆ. ಉಸಿರು ಕನಿಷ್ಠ 10 ಸೆಕೆಂಡ್ ನಿಂತಿದ್ದು ಅಥವಾ ತುಂಬಾ ಕಮ್ಮಿ ಆಗಿದ್ದು ಗಂಟೆಗೆ ಸರಾಸರಿ 9 ಸಲ ಅಂತ. 5ರಿಂದ 15 ಮೈಲ್ಡ್, 15ರಿಂದ 30 ಮಧ್ಯಮ, ಅದರ ಮೇಲೆ ತೀವ್ರ. ಮೈಲ್ಡ್ ಮತ್ತೆ ಮಧ್ಯಮದವರಿಗೆ ಹಲ್ಲಿನ ಡಿವೈಸ್ ಒಳ್ಳೇ ದಾರಿ, ಬರೀ ಗೊರಕೆ ಇದ್ದು ಉಸಿರು ನಿಲ್ಲದೇ ಇರೋರಿಗೂ ಸರಿ. ನೀವು ಮೊದಲು ಟೆಸ್ಟ್ ಮಾಡಿಸಿದೀರಲ್ಲ, ಅದಕ್ಕೆ ನಿಮಗೆ ನನ್ನ ನಮಸ್ಕಾರ, ಎಷ್ಟೋ ಜನ ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಮಾಡ್ತಾರೆ.

ಆನ್‌ಲೈನಲ್ಲಿ ಸಿಗೋದು ಬಿಸಿನೀರಲ್ಲಿ ಅದ್ದಿ ಕಚ್ಚೋ ಪ್ಲಾಸ್ಟಿಕ್ಕು. ದಪ್ಪ ಇರತ್ತೆ, ಹಲ್ಲಿಗೆ ಗಟ್ಟಿ ಕೂರಲ್ಲ, ಮಧ್ಯರಾತ್ರಿ ಉದುರಿ ದಿಂಬಿನ ಕೆಳಗೆ ಸಿಗತ್ತೆ, ದವಡೆ ಎಷ್ಟು ಮುಂದೆ ಬರ್ಬೇಕು ಅಂತ ಸರಿಯಾಗಿ ಹೊಂದಿಸೋಕೂ ಆಗಲ್ಲ. ನಾವು ಮಾಡೋವಾಗ ಮೊದಲು ಒಸಡು, ಹುಳುಕು, ಕಿವಿ ಮುಂದಿನ ದವಡೆ ಕೀಲು ನೋಡ್ತೀವಿ, ಮೇಲೆ ಕೆಳಗೆ ಎಂಟ್ಹತ್ತಾದ್ರೂ ಗಟ್ಟಿ ಹಲ್ಲು ಬೇಕು. ಆಮೇಲೆ ಹಲ್ಲಿನ ಅಳತೆ, ಅಚ್ಚು ತೆಗೆದೋ ಸ್ಕ್ಯಾನ್ ಮಾಡಿಯೋ. ದವಡೆ ಪೂರ್ತಿ ಎಷ್ಟು ಮುಂದೆ ಬರತ್ತೆ ಅಂತ ಮಿಲಿಮೀಟರ್ ಲೆಕ್ಕದಲ್ಲಿ ನೋಡಿ, ಸುಮಾರು ಅದರ ಅರ್ಧಕ್ಕೆ ಶುರು ಮಾಡ್ತೀವಿ. ಲ್ಯಾಬಿಂದ ಬರೋದು ಮೇಲಿಗೊಂದು ಕೆಳಗೊಂದು ತೆಳು ಟ್ರೇ, ತುಂಬಾ ಮಾಡೆಲ್‌ಗಳಲ್ಲಿ ಪಕ್ಕದಲ್ಲಿ ಸಣ್ಣ ಸ್ಕ್ರೂ ಇರತ್ತೆ, ಅದನ್ನ ಕೆಲವು ದಿನಕ್ಕೊಮ್ಮೆ ಕಾಲು ಮಿಲಿಮೀಟರಷ್ಟು ತಿರುಗಿಸ್ತಾ ಹೋಗೋದು. ಇಲ್ಲಿ ನಿಮ್ಮ ಕೆಲಸ ಇದೆ, ಯಾವತ್ತು ತಿರುಗಿಸಿದ್ರು, ಆ ರಾತ್ರಿ ಗೊರಕೆ ಹೇಗಿತ್ತು ಅಂತ ಕ್ಯಾಲೆಂಡರ್ ಮೇಲೆ ಬರೀರಿ, ಯಾಕಂದ್ರೆ ಮಲಗಿರೋರಿಗೆ ಅದು ಗೊತ್ತಾಗಲ್ಲ.

ಕೊನೆಗೆ ಡಿವೈಸ್ ಹಾಕ್ಕೊಂಡೇ ಇನ್ನೊಂದು ಸಲ ಸ್ಲೀಪ್ ಟೆಸ್ಟ್ ಮಾಡಿಸ್ಲೇಬೇಕು. ಗೊರಕೆ ನಿಂತ ಮಾತ್ರಕ್ಕೆ ಉಸಿರು ನಿಲ್ಲೋದು ನಿಂತಿದೆ ಅಂತ ಅಲ್ಲ. ಮನೆ ಶಾಂತ ಆಯ್ತು ಅಂತ ಎಲ್ಲರೂ ಖುಷಿಯಾಗಿರ್ತಾರೆ, ಒಳಗೆ ಆಕ್ಸಿಜನ್ ಇಳೀತಾನೇ ಇರಬಹುದು. ನನಗೆ ಭಯ ಆಗೋದು ಇದೊಂದೇ ವಿಷಯಕ್ಕೆ.

ಪ್ರಶ್ನೆ: ಡಾಕ್ಟರ್ರೀ, ನಮ್ಮ ಮನಿಯವ್ರು ಲಾರಿ ಹೊಡೀತಾರ್ರಿ, ವಯಸ್ಸು 48, ಮೈ ದಪ್ಪ ಐತಿ, ಬಿಪಿ ಐತಿ. ಗೊರಕಿ ಹೊಡ್ಯೂದು ನಡುವ ಒಮ್ಮಿಗೇ ನಿಂತ ಬಿಡ್ತೈತಿ, ನಾ ಎದ್ದ ಕುಂತು ನೋಡ್ತೀನಿ, ಆಮ್ಯಾಲ ಗಕ್ಕನ ಉಸಿರು ತಗೋತಾರ. ಹಗಲೊತ್ತಿನ್ಯಾಗ ಕುಂತಲ್ಲೇ ತೂಕಡಸ್ತಾರ. ಹಲ್ಲಿನ ಸೆಟ್ ಹಾಕಿದ್ರ ಕಡಿಮಿ ಆಕ್ಕೈತೇನ್ರಿ? (ಹುಬ್ಬಳ್ಳಿ)

ಉತ್ತರ: ಅಕ್ಕಾ, ನಿಮ್ಮ ಪತ್ರ ನಾನು ಎರಡು ಸಲ ಓದಿದೆ. ನೀವು ರಾತ್ರಿ ಎದ್ದು ಕೂತು ನೋಡಿದ್ದನ್ನ ನೀವು ಬರೆದ ಹಾಗೇ ಡಾಕ್ಟ್ರಿಗೆ ಹೇಳಿ, ಅದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ. ಆಗೋದಾದ್ರೆ ಮೊಬೈಲಲ್ಲಿ ವಿಡಿಯೋ ಮಾಡ್ಕೊಳ್ಳಿ. ಹಲ್ಲಿನ ಡಿವೈಸ್ ಈಗ ಬೇಡ, ಮೊದಲು ಶ್ವಾಸಕೋಶದ ಡಾಕ್ಟರ್ ಅಥವಾ ಇಎನ್‌ಟಿ ಹತ್ರ ಹೋಗಿ ಸ್ಲೀಪ್ ಟೆಸ್ಟ್ ಆಗ್ಲಿ. ಬೆರಳಿಗೊಂದು ಕ್ಲಿಪ್ಪು, ಎದೆಗೊಂದು ಬೆಲ್ಟು, ಮೂಗಿನ ಹತ್ರ ಸಣ್ಣ ಪೈಪು, ಅಷ್ಟೇ, ನೋವಿಲ್ಲ, ಕೆಲವರಿಗೆ ಮನೇಲೇ ಮಾಡ್ತಾರೆ.

ಉಸಿರು ನಿಂತಾಗ ಆಕ್ಸಿಜನ್ ಇಳಿಯತ್ತೆ, ಮೆದುಳು ಗಾಬರಿ ಬಿದ್ದು ಅವರನ್ನ ಅರೆ ಎಬ್ಬಿಸತ್ತೆ, ಇದೇ ರಾತ್ರಿಯಿಡೀ. ಎಂಟು ಗಂಟೆ ಮಲಗಿದ್ರೂ ನಿದ್ದೆ ಆಗಿರಲ್ಲ, ಬಿಪಿ ಮಾತ್ರೆಗೂ ಬಗ್ಗದೇ ಇರೋಕೆ ಇದೂ ಒಂದು ಕಾರಣ ಇರಬಹುದು. ತೀವ್ರ ಅಂತ ಬಂದ್ರೆ ಸಿಪ್ಯಾಪ್ ಮಷಿನ್ ಕೊಡ್ತಾರೆ, ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚದ ಹಾಗೆ ಹಿಡಿಯತ್ತೆ, 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಅನ್ನೋ ಡಾಕ್ಟರು ಮತ್ತವರ ತಂಡ ತೋರಿಸಿಕೊಟ್ಟಿದ್ದು. ಮಾಸ್ಕ್ ಎಷ್ಟು ಪ್ರಯತ್ನಪಟ್ಟರೂ ಒಗ್ಗಲೇ ಇಲ್ಲ ಅಂದ್ರೆ ಆಗ ಹಲ್ಲಿನ ಡಿವೈಸ್ ಬಗ್ಗೆ ಮಾತಾಡೋಣ. ಅಲ್ಲಿವರೆಗೂ ರಾತ್ರಿ ಟ್ರಿಪ್ ಬೇಡ ಅನ್ನಿ, ತೂಕಡಿಕೆ ಬಂದ್ರೆ ಹಗಲಲ್ಲೂ ಗಾಡಿ ಸೈಡಿಗೆ ಹಾಕ್ಲಿ, ಮಲಗೋ ಮುಂಚೆ ಕುಡಿಯೋ ಅಭ್ಯಾಸ ಇದ್ರೆ ಅದನ್ನೂ ಬಿಡಿಸಿ. ಬಾಡಿಗೆ ಹೋದ್ರೆ ಹೋಗ್ಲಿ ಅಕ್ಕಾ.

ಪ್ರಶ್ನೆ: ಡಿವೈಸ್ ಹಾಕೋಕೆ ಶುರು ಮಾಡಿ ಮೂರು ವಾರ. ಗೊರಕೆ ಕಮ್ಮಿ ಆಗಿದೆ, ಆದ್ರೆ ಬೆಳಿಗ್ಗೆ ಎದ್ದಾಗ ಹಿಂದಿನ ಹಲ್ಲು ಒಂದಕ್ಕೊಂದು ತಾಗಲ್ಲ, ಕಿವಿ ಹತ್ರ ನೋವು, ದಿಂಬೆಲ್ಲ ಜೊಲ್ಲು. ಬಿಟ್ಬಿಡ್ಲಾ? (ಐಟಿ ಉದ್ಯೋಗಿ, ಮೈಸೂರು)

ಉತ್ತರ: ಬಿಡ್ಬೇಡಿ, ಆದ್ರೆ ಸುಮ್ನೇನೂ ಇರ್ಬೇಡಿ. ರಾತ್ರಿಯಿಡೀ ಮುಂದೆ ಎಳೆದಿಟ್ಟ ದವಡೆ ಬೆಳಿಗ್ಗೆ ತಕ್ಷಣ ವಾಪಸ್ ಕೂರಲ್ಲ, ಅದಕ್ಕೇ ಇಡ್ಲಿ ಕಚ್ಚಿದ್ರೂ ಮುಂದಿನ ಹಲ್ಲಷ್ಟೇ ತಾಗೋ ಹಾಗೆ ಅನ್ಸತ್ತೆ. ಡಿವೈಸ್ ತೆಗೆದ್ಮೇಲೆ ಕೆನ್ನೆಗೆ ಬಿಸಿ ಬಟ್ಟೆ ಇಟ್ಟು, ಹಿಂದಿನ ಹಲ್ಲು ಕೂರೋವರೆಗೂ ಮೆತ್ತಗೆ ಕಚ್ಚಿ ಬಿಡಿ. ಇದಕ್ಕೇ ಅಂತ ಬೆಳಿಗ್ಗೆ ಕಚ್ಚೋ ಸಣ್ಣ ಪಟ್ಟಿನೂ ಮಾಡಿಕೊಡ್ತಾರೆ, ಕೇಳಿ. ಜೊಲ್ಲು ಸಾಮಾನ್ಯವಾಗಿ ಕೆಲವು ವಾರದಲ್ಲಿ ಕಮ್ಮಿ ಆಗತ್ತೆ. ಕಿವಿ ಹತ್ರದ ನೋವು ಹೊತ್ತೇರಿದ್ರೂ ಹೋಗ್ಲಿಲ್ಲ ಅಂದ್ರೆ ಸ್ಕ್ರೂ ಬೇಗ ತಿರುಗಿಸಿರಬಹುದು, ಮಾಡಿಕೊಟ್ಟವರ ಹತ್ರ ಹೋಗಿ ಒಂದೆರಡು ಸುತ್ತು ಹಿಂದಕ್ಕೆ ತರಿಸ್ಕೊಳ್ಳಿ.

ಇನ್ನೊಂದು ಮಾತು ಮುಚ್ಚಿಡಲ್ಲ, ವರ್ಷಗಟ್ಟಲೆ ಹಾಕಿದ್ರೆ ಹಲ್ಲು ಸ್ವಲ್ಪ ಜರುಗಿ ಕಚ್ಚೋ ರೀತಿನೇ ಬದಲಾಗಬಹುದು. ಅದಕ್ಕೇ ಮೊದಲನೇ ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತೋರಿಸ್ಬೇಕು. ತೊಳೆಯೋದು ತಣ್ಣೀರಲ್ಲಿ, ಮೆತ್ತನೆ ಬ್ರಷ್ಷಲ್ಲಿ. ಗೀಸರ್ ನೀರಲ್ಲಿ ತೊಳೆದು ಸೊಟ್ಟ ಮಾಡ್ಕೊಂಡು ಬಂದವರನ್ನ ನೋಡಿದೀನಿ, ಅಷ್ಟು ದುಡ್ಡು ಕೊಟ್ಟಿರ್ತಾರೆ, ಬೇಜಾರಾಗತ್ತೆ.

ಪ್ರಶ್ನೆ: ನಮ್ಮ ತಂದೆಗೆ 70, ಎರಡೂ ಕಡೆ ಪೂರ್ತಿ ಕಟ್ಟಿಸಿದ ಹಲ್ಲು. ಅವರಿಗೆ ಆಗತ್ತಾ? (ಶಿವಮೊಗ್ಗ)

ಉತ್ತರ: ಈ ಡಿವೈಸ್ ಆಗಲ್ಲ, ಹಿಡ್ಕೊಳ್ಳೋಕೆ ಗಟ್ಟಿ ಹಲ್ಲೇ ಇಲ್ವಲ್ಲ. ನಾಲಗೆಯನ್ನೇ ಮುಂದೆ ಹಿಡಿಯೋ ಬೇರೆ ಥರದ್ದಿದೆ, ಒಗ್ಗಿಕೊಳ್ಳೋದು ಕಷ್ಟ. ಮಗ್ಗುಲಲ್ಲಿ ಮಲಗಿಸಿ, ಮೂಗು ಕಟ್ಟಿದ್ಯಾ ನೋಡಿಸಿ, ಟೆಸ್ಟ್ ಮಾಡಿಸಿ.

ಪ್ರಶ್ನೆ: ಮಗನಿಗೆ 6 ವರ್ಷ, ದಿನಾ ಗೊರಕೆ, ಬಾಯಿ ತೆಗೆದೇ ಮಲಗ್ತಾನೆ. ಚಿಕ್ಕ ಸೈಜಿನ ಡಿವೈಸ್ ಸಿಗತ್ತಾ? (ತುಮಕೂರು)

ಉತ್ತರ: ಅಮ್ಮಾ, ಬೇಡ. ಬೆಳೀತಾ ಇರೋ ದವಡೆಗೆ ಇದನ್ನ ಹಾಕಲ್ಲ. ಈ ವಯಸ್ಸಲ್ಲಿ ದಿನಾ ಗೊರಕೆ ಅಂದ್ರೆ ಹೆಚ್ಚಾಗಿ ಮೂಗಿನ ಹಿಂದಿನ ಅಡಿನಾಯ್ಡ್ ಅಥವಾ ಟಾನ್ಸಿಲ್ ಊದಿರತ್ತೆ. ಇವತ್ತು ರಾತ್ರಿ ಅವನು ಮಲಗಿದ್ಮೇಲೆ ಅಂಗಿ ಮೇಲೆತ್ತಿ, ಎದೆ ಗುಂಡಿ ಒಳಕ್ಕೆ ಎಳೀತಿದ್ಯಾ ನೋಡಿ, ಎರಡು ನಿಮಿಷ ವಿಡಿಯೋ ಮಾಡಿ, ಈ ವಾರವೇ ಇಎನ್‌ಟಿ ಡಾಕ್ಟ್ರಿಗೆ ತೋರಿಸಿ.