ಚಾರ್ಜರ್ ಹಾಕಿದರೆ ಸ್ಪೀಕರ್ ಗುಂಯ್ ಅನ್ನುವುದಕ್ಕೆ

ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ಕೂಡಲೇ ಸ್ಪೀಕರ್ ಗುಂಯ್ ಅನ್ನುತ್ತೆ, ತೆಗೆದರೆ ಸುಮ್ಮನಾಗುತ್ತೆ ಅಂದ್ರಲ್ಲ ಸರ್, ಹಂಗಾದ್ರೆ ಸ್ಪೀಕರ್ ಕೆಟ್ಟಿಲ್ಲ. ರಿಪೇರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಬಹುತೇಕ ಇದು ಗ್ರೌಂಡ್ ಲೂಪ್, ಅಂದ್ರೆ ಅರ್ಥಿಂಗ್ ತಂತಿಗಳ ನಡುವೆ ಆಗುವ ಸುತ್ತು. ಲ್ಯಾಪ್‌ಟಾಪ್, ಸ್ಪೀಕರ್ ಎರಡೂ ಬೇರೆ ಬೇರೆ ಸಾಕೆಟ್‌ನಲ್ಲಿದ್ದು, ಆಕ್ಸ್ ಕೇಬಲ್ (ಹೆಡ್‌ಫೋನ್ ಜ್ಯಾಕ್‌ಗೆ ಹಾಕುವ ಆಡಿಯೋ ವೈರ್) ನಡುವೆ ಸೇರಿಸಿದರೆ, ಎರಡು ಕಡೆಯ ಅರ್ಥಿಂಗ್‌ನ ಸಣ್ಣ ವೋಲ್ಟೇಜ್ ವ್ಯತ್ಯಾಸದಿಂದ ಕೇಬಲ್‌ನಲ್ಲಿ ಸ್ವಲ್ಪ ಕರೆಂಟ್ ಹರಿದು ಸದ್ದು ಬರುತ್ತೆ. ನಮ್ಮ ಕರೆಂಟ್ 50 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 50 ಆವರ್ತ. ಆ ಸದ್ದೂ 50 ಅಥವಾ 100 ಹರ್ಟ್ಸ್‌ನದೇ.

ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಆಕ್ಸ್ ಕೇಬಲ್ ನಡುವೆ ಹಾಕಿ ಈ ಕರೆಂಟ್ ತಡೆಯುವ 3.5 ಎಂಎಂ ಗ್ರೌಂಡ್ ಲೂಪ್ ಐಸೊಲೇಟರ್ ತಗೊಳ್ಳಿ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಕಡೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ, ಇಲ್ಲಾಂದ್ರೆ ಆನ್‌ಲೈನ್ ಇದ್ದೇ ಇದೆ. ಅಗ್ಗದವು ಬಾಸ್ ಸ್ವಲ್ಪ ತಿನ್ನುತ್ತವೆ. ಸ್ಪೀಕರ್‌ಗೆ ಆಪ್ಟಿಕಲ್ ಇನ್‌ಪುಟ್ (ಬೆಳಕಿನ ಮೂಲಕ ಆಡಿಯೋ ತರುವ ದಾರಿ) ಇದ್ದು, ಲ್ಯಾಪ್‌ಟಾಪ್‌ನಲ್ಲೂ ಅದರ ದಾರಿ ಇದ್ದರೆ ಅದೇ ಚೆಂದ. ಗಾಜಿನ ಎಳೆಯಲ್ಲೋ ಪ್ಲಾಸ್ಟಿಕ್ ಎಳೆಯಲ್ಲೋ ಕರೆಂಟ್ ಹರಿಯುವುದಿಲ್ಲ ಅಲ್ವಾ?

ಯಾರೋ ಅರ್ಥ್ ಪಿನ್ ಮುರಿದು ಹಾಕಿ ಅಂತ ಹೇಳಿದ್ದಾರೆ ಅಂದ್ರಿ. ದಯವಿಟ್ಟು ಬೇಡ, ಶಾಕ್ ಹೊಡೆಯಬಹುದು. ಬದಲಿಗೆ ನಿಮ್ಮ ಧಾರವಾಡದ ಹಳೇ ಮನೆಯ ಅರ್ಥಿಂಗ್ ಅನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಅಲ್ಲಿಗೆ ನೀರು ಹಾಕಿಸಬೇಕು.

ಇನ್ನು ಆಕ್ಸ್ ಕೇಬಲ್ ಕಿತ್ತರೂ ಕೇಳುವ ಸಣ್ಣ ಸುಯ್ ಸದ್ದು ಆಂಪ್ಲಿಫೈಯರ್‌ನದೇ. ಒಂದು ಮೀಟರ್ ದೂರದಲ್ಲಿ ಕೇಳದಿದ್ದರೆ ಬಿಟ್ಟುಬಿಡಿ.