ಎಸಿ ಗ್ಯಾಸ್ ಪ್ರತಿ ವರ್ಷ ಖಾಲಿ ಆಗುತ್ತಾ?

ನಾಲ್ಕು ವರ್ಷದ ಒಂದೂವರೆ ಟನ್ ಎಸಿ. ಹೋದ ಬೇಸಿಗೆಯಲ್ಲಿ ಗ್ಯಾಸ್ ತುಂಬಿಸಿದ್ದೀರಿ. ಈಗ ಮತ್ತೆ ತಂಪಾಗುತ್ತಿಲ್ಲ, ಮೆಕ್ಯಾನಿಕ್ 3,500 ರೂಪಾಯಿ ಕೇಳುತ್ತಿದ್ದಾರೆ. ಕೊಟ್ಟು ತುಂಬಿಸಲಾ, ಇಲ್ಲ 40,000 ಹಾಕಿ ಹೊಸದು ತರಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ದಯವಿಟ್ಟು ಈಗಲೇ ದುಡ್ಡು ಕೊಡಬೇಡಿ. ನಾನೂ ಕಲಬುರಗಿಯವನೇ. ಇದೇ ತೊಂದರೆ ಇಟ್ಟುಕೊಂಡು ಮೂರು ಬೇಸಿಗೆ ಕಳೆದಿದ್ದೇನೆ.

ನಮ್ಮ ಎಸಿ 2017ರಲ್ಲಿ ತಂದದ್ದು. ಮೊದಮೊದಲು ಏನೂ ತಕರಾರು ಇರಲಿಲ್ಲ. 2020ರ ಕೊನೆಗೆ ಆಳಂದ ರಸ್ತೆಯ ಬಾಡಿಗೆ ಮನೆ ಬಿಟ್ಟು ಸೇಡಂ ರಸ್ತೆ ಕಡೆ ಸ್ವಂತ ಮನೆಗೆ ಬಂದೆವು. ಎಸಿ ಅಲ್ಲಿ ಬಿಚ್ಚಿ ಇಲ್ಲಿ ಕೂಡಿಸಲು 1,800 ರೂಪಾಯಿ ಕೊಟ್ಟೆ. ಇಬ್ಬರು ಹುಡುಗರು ಬಂದು ಒಂದು ತಾಸಿನಲ್ಲಿ ಕೂಡಿಸಿ ಹೋದರು. ಎಷ್ಟು ಬೇಗ ಮುಗಿಸಿದರಲ್ಲ ಅಂತ ನನಗೆ ಖುಷಿಯೇ ಆಗಿತ್ತು.

ಎಸಿ ಕೂಡಿಸಿದ್ದು ಅವ್ವನ ಕೋಣೆಯಲ್ಲಿ. ಊರಲ್ಲಿ ನಮ್ಮದು ಮಣ್ಣಿನ ಮಾಳಿಗೆ, ಶಹಾಬಾದ್ ಕಲ್ಲಿನ ನೆಲ. ಅಲ್ಲಿ ಅವ್ವ ಮೇ ತಿಂಗಳ ಮಧ್ಯಾಹ್ನವೂ ನೆಲದ ಮೇಲೆ ಸೆರಗು ಹಾಸಿ ನಿದ್ದೆ ಮಾಡುತ್ತಿದ್ದಳು. ಇಲ್ಲಿ ತಲೆ ಮೇಲೆ ಬರೀ ಸ್ಲ್ಯಾಬ್. ರಾತ್ರಿ ಹನ್ನೊಂದಾದರೂ ಕಾವು ಬಿಡುತ್ತಲೇ ಇರುತ್ತದೆ. ಬಿಪಿ ಇರುವ ವಯಸ್ಸಾದ ಜೀವ. ಅವಳಿಗೆ ಎಸಿ ಶೋಕಿ ಅಲ್ಲ.

2021ರ ಏಪ್ರಿಲ್‌ನಲ್ಲಿ ತಂಪು ಕಡಿಮೆ ಆಯಿತು. ಬಂದವರು ಮೀಟರ್ ಹಚ್ಚಿ ನೋಡಿ, ಗ್ಯಾಸ್ ಖಾಲಿ ಅಂದರು. 2,500 ಕೊಟ್ಟೆ. 2022ರಲ್ಲಿ ಮತ್ತೆ ಅದೇ ಮಾತು, 2,800. 2023ರ ಮಾರ್ಚ್‌ನಲ್ಲಿ 3,000. ತುಂಬಿದ ದಿನ ಕೋಣೆ ಮಸ್ತ್ ತಂಪಾಗುತ್ತಿತ್ತು, ಹಾಗಾಗಿ ಯಾವ ಅನುಮಾನವೂ ಬರಲಿಲ್ಲ. ಗಾಡಿಗೆ ಪೆಟ್ರೋಲ್ ಹಾಕಿಸಿದಂತೆ ಎಸಿಗೂ ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಬೇಕು ಅಂದುಕೊಂಡಿದ್ದೆ. ನಮ್ಮ ಓಣಿಯಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು.

ಇದೇ ನನ್ನ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಎಸಿಯೊಳಗಿನ ಗ್ಯಾಸ್ ಉರಿದು ಹೋಗುವುದಿಲ್ಲ, ಸವೆಯುವುದೂ ಇಲ್ಲ. ಒಳಗಿನ ಯೂನಿಟ್‌ನಲ್ಲಿ ಕೋಣೆಯ ಕಾವು ಹೀರುತ್ತದೆ, ಹೊರಗಿನ ಯೂನಿಟ್‌ಗೆ ಹೋಗಿ ಅದನ್ನು ಬಿಡುತ್ತದೆ, ಮತ್ತೆ ಒಳಗೆ ಬರುತ್ತದೆ. ಅದೇ ಗ್ಯಾಸ್ ಹತ್ತು ವರ್ಷವಾದರೂ ಸುತ್ತುತ್ತಿರಬೇಕು. ಅದು ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಬೇರೆ ಕಾರಣವೇ ಇಲ್ಲ. ತೂತು ಬಿಂದಿಗೆಗೆ ಮೂರು ವರ್ಷ ನೀರು ಹೊಯ್ದೆ. ಬಂದ ಮೂವರಲ್ಲಿ ಒಬ್ಬರನ್ನೂ "ಸೋರುತ್ತಿರುವುದು ಎಲ್ಲಿ?" ಅಂತ ಕೇಳಲಿಲ್ಲ.

ಅದಕ್ಕಿಂತ ಸಂಕಟದ ಮಾತು ಇನ್ನೊಂದಿದೆ. ಸೋರುವ ಜಾಗ ನನ್ನ ಕಣ್ಣೆದುರೇ ಇತ್ತು. ಹೊರಗಿನ ಯೂನಿಟ್‌ನ ಬದಿಯಲ್ಲಿ ತಾಮ್ರದ ಪೈಪ್ ಕೂಡುವ ಕಡೆ ಹಿತ್ತಾಳೆಯ ನಟ್ ಇರುತ್ತದೆ. ಅಲ್ಲಿ ಎಣ್ಣೆ ಜಿಡ್ಡು, ಅದಕ್ಕೆ ಧೂಳು ಅಂಟಿ ಕಪ್ಪಾಗಿತ್ತು. ಗ್ಯಾಸ್ ಜೊತೆಗೇ, ಅದನ್ನು ಒತ್ತಿ ಸುತ್ತಿಸುವ ಕಂಪ್ರೆಸರ್‌ನ ಎಣ್ಣೆಯೂ ಸುತ್ತುತ್ತಿರುತ್ತದೆ. ಗ್ಯಾಸ್ ಸೋರುವ ಕಡೆ ಎಣ್ಣೆಯೂ ಜಿನುಗುತ್ತದೆ. ನಾನು ಪ್ರತಿ ಯುಗಾದಿಗೆ ಮಾಳಿಗೆ ತೊಳೆಯುವಾಗ ಆ ಜಿಡ್ಡನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ ಇಡುತ್ತಿದ್ದೆ. ಮೆಕ್ಯಾನಿಕ್ ಬರುವ ಹೊತ್ತಿಗೆ ಗುರುತೇ ಇರುತ್ತಿರಲಿಲ್ಲ.

2023ರ ಮೇ ತಿಂಗಳಲ್ಲಿ ಕಂಪ್ರೆಸರ್ ಸುಟ್ಟಿತು. ಅದಕ್ಕೂ ಕಾರಣ ಇದೇ. ಕಂಪ್ರೆಸರ್ ಅತಿಯಾಗಿ ಕಾಯದಂತೆ ನೋಡಿಕೊಳ್ಳುವುದು ಅದರೊಳಗೆ ಹಾಯುವ ಗ್ಯಾಸೇ. ಗ್ಯಾಸ್ ಕಡಿಮೆಯಾದರೆ ಅದು ಕಾಯುತ್ತದೆ. ಜೊತೆಗೆ ಎಣ್ಣೆಯೂ ಕಡಿಮೆ. ನಾವೋ, ಕೋಣೆ ತಂಪಾಗಲಿಲ್ಲ ಅಂತ 18ಕ್ಕೆ ಇಟ್ಟು ದಿನವಿಡೀ ಓಡಿಸಿದೆವು. ಕಂಪ್ರೆಸರ್, ಗ್ಯಾಸ್, ಕೂಲಿ ಸೇರಿ 11,500. ಐದು ವರ್ಷದ ವಾರಂಟಿ ಹಿಂದಿನ ವರ್ಷವೇ ಮುಗಿದಿತ್ತು. ಮೊದಲಿನ 8,300 ಸೇರಿಸಿದರೆ 19,800. ದುಡ್ಡು ಹೋಗಲಿ. ಕಂಪ್ರೆಸರ್ ಬರಲು ಹತ್ತು ದಿನವಾಯಿತು. ಅವ್ವನನ್ನು ಬೀದರಿನ ಅಕ್ಕನ ಮನೆಗೆ ಬಿಟ್ಟು ಬಂದೆ. ಬೀದರ್ ನಮಗಿಂತ ಎತ್ತರದಲ್ಲಿದೆ, ರಾತ್ರಿಯಾದರೂ ತಂಗಾಳಿ ಬರುತ್ತದೆ. ಸ್ವಂತ ಮನೆ ಕಟ್ಟಿಸಿ ಅವ್ವನನ್ನು ಅಲ್ಲಿಗೆ ಕಳಿಸಬೇಕಾಯಿತಲ್ಲ ಅಂತ ಬಸ್ಸಿನಲ್ಲಿ ಬರುವಾಗ ತುಂಬಾ ನೊಂದುಕೊಂಡೆ.

ಕಂಪ್ರೆಸರ್ ಹಾಕಿದವರು ಹಿರಿಯರು. ಪೈಪ್‌ನೊಳಗೆ ನೈಟ್ರೋಜನ್ ತುಂಬಿ ಒತ್ತಡ ಕೊಟ್ಟರು. ಪ್ರತಿ ಜಾಯಿಂಟ್‌ಗೂ ಸಾಬೂನಿನ ನೊರೆ ಹಚ್ಚಿದರು. ಆ ನಟ್ ಹತ್ತಿರ ಸಣ್ಣ ಸಣ್ಣ ಗುಳ್ಳೆ ಎದ್ದವು. ಮನೆ ಬದಲಿಸುವಾಗ ಹುಡುಗರು ಪೈಪಿನ ಹಳೇ ಬಾಯನ್ನೇ ಮತ್ತೆ ಕೂಡಿಸಿ ಬಿಗಿದಿದ್ದರು. ಅದನ್ನು ಕತ್ತರಿಸಿ ಹೊಸದಾಗಿ ಬಾಯಿ ಅಗಲಿಸಬೇಕಿತ್ತು. ಇದಕ್ಕೆ ಫ್ಲೇರ್ ಮಾಡುವುದು ಅನ್ನುತ್ತಾರೆ. ಇವರು ಅದನ್ನು ಮಾಡಿ, ಅರ್ಧ ತಾಸು ಪಂಪ್ ಓಡಿಸಿ ವ್ಯಾಕ್ಯೂಮ್ ಎಳೆದರು. ಒಳಗಿನ ಗಾಳಿ, ತೇವ ಎರಡೂ ಹೋಗಬೇಕು. ಆಮೇಲೆ ಸಿಲಿಂಡರನ್ನು ತಕ್ಕಡಿ ಮೇಲಿಟ್ಟು, ಯೂನಿಟ್ ಮೇಲೆ ಬರೆದಷ್ಟೇ ಗ್ರಾಂ ಗ್ಯಾಸ್ ಬಿಟ್ಟರು. ಬರೀ ಫ್ಲೇರ್ ಕೆಲಸಕ್ಕೆ ಎಷ್ಟಾಗುತ್ತಿತ್ತು ಅಂತ ಕೇಳಿದೆ. "ಏಳೆಂಟು ನೂರು" ಅಂದರು. ಅಂದಿನಿಂದ ಇವತ್ತಿನವರೆಗೆ ಒಂದು ಸಲವೂ ಗ್ಯಾಸ್ ಹಾಕಿಸಿಲ್ಲ.

ಹಾಗಾಗಿ ನಿಮ್ಮ ಲೆಕ್ಕವೇ ಸರಿ ಇಲ್ಲ ಅನ್ನುವುದು ನನ್ನ ಮಾತು. 3,500 ಜಾಸ್ತಿಯಾ ಕಡಿಮೆಯಾ ಅನ್ನುವುದು ಆಮೇಲೆ. ಲೀಕ್ ತೋರಿಸಿ ಮುಚ್ಚಿ ತುಂಬುವುದಾದರೆ 4,500 ಆದರೂ ಕೊಡಿ. ಸುಮ್ನೆ ತುಂಬಿ ಹೋಗುವುದಾದರೆ 1,000 ಕೂಡ ದಂಡ. ಹೊಸ ಎಸಿ ತಂದರೂ, ಕೂಡಿಸುವವರು ಇಷ್ಟೇ ಅವಸರ ಮಾಡಿದರೆ ಮುಂದಿನ ಏಪ್ರಿಲ್‌ಗೆ ನೀವು ಮತ್ತೆ ಇದೇ ಪ್ರಶ್ನೆ ಕೇಳುತ್ತಿರುತ್ತೀರಿ. ಒಳಗಿನ ಯೂನಿಟ್‌ನ ಕಾಯಿಲ್, ಅಂದರೆ ಗ್ಯಾಸ್ ಹರಿಯುವ ಕೊಳವೆಯ ಸುರುಳಿಯೇ ತೂತಾಗಿ, ಬದಲಿಸಲು ಹತ್ತಾರು ಸಾವಿರ ಬೇಕು ಅಂದಾಗ ಮಾತ್ರ ಹೊಸದರ ಯೋಚನೆ ಮಾಡಿ. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ, ಅದೊಂದು ಅನುಕೂಲ. ಆದರೆ ನಿಮ್ಮದು ನಾಲ್ಕೇ ವರ್ಷದ್ದು. ಮೊದಲು ಬಿಲ್ ಹುಡುಕಿ ಕಂಪ್ರೆಸರ್ ವಾರಂಟಿ ಎಷ್ಟಿದೆ ನೋಡಿ. ಕೆಲವದಕ್ಕೆ 10 ವರ್ಷ ಇರುತ್ತದೆ.

ಫಿಲ್ಟರ್ ತೊಳೆದಿದ್ದೀರಿ ಅಲ್ವಾ? ನಮ್ಮೂರಿನ ಧೂಳಿಗೆ ಹದಿನೈದು ದಿನಕ್ಕೊಮ್ಮೆ ತೊಳೆದರೂ ಸಾಲದು. ಹೊರಗಿನ ಯೂನಿಟ್‌ನ ಜಾಲರಿ ಕಟ್ಟಿಕೊಂಡಿದ್ದರೂ ತಂಪು ಬರುವುದಿಲ್ಲ, ಗ್ಯಾಸ್ ಪೂರ್ತಿ ಇದ್ದರೂ. ರಿಪೇರಿ ಆಗುವವರೆಗೆ ಎಸಿ ಓಡಿಸಬೇಡಿ. ಒಂದು ಕೂಲರ್ ಇಟ್ಟುಕೊಳ್ಳಿ, ಕಿಟಕಿ ತೆರೆದಿಡಿ. ನಮ್ಮ ಒಣ ಬಿಸಿಲಿಗೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆ ಶುರುವಾದ ಮೇಲಷ್ಟೇ ಅದು ಸೆಕೆ ಹೆಚ್ಚಿಸುತ್ತದೆ.

ಇವತ್ತು ಸಂಜೆ ಬಿಸಿಲು ಇಳಿದ ಮೇಲೆ ಎಸಿಯ ಮೇನ್ ಸ್ವಿಚ್ ಆರಿಸಿ ಹೊರಗಿನ ಯೂನಿಟ್ ಹತ್ತಿರ ಹೋಗಿ. ಎರಡು ನಟ್‌ಗಳ ಸುತ್ತ ಟಾರ್ಚ್ ಹಾಕಿ ನೋಡಿ. ಜಿಡ್ಡು ಕಂಡರೆ ಫೋಟೋ ಹೊಡೆದುಕೊಂಡು ಮೆಕ್ಯಾನಿಕ್‌ಗೆ ಕಳಿಸಿ. ಒರೆಸಬೇಡಿ.