ಗಂಟೆ ಎರಕದವರ ಊರಿನಲ್ಲಿ 24 ಗಂಟೆಗಳ ಓಟ

ಪ್ರಶ್ನೆ: ಫ್ರಾನ್ಸಿನ ಲ ಮಾನ್ ಎಂಬಲ್ಲಿ 24 ಗಂಟೆಗಳ ಕಾರು ಓಟ ನಡೆಯುತ್ತದೆಂದು ಓದಿದ್ದೇನೆ. ಪ್ಯಾರಿಸ್ ಬಿಟ್ಟು ಈ ಸಾಧಾರಣ ಊರಿಗೆ ಆ ಓಟ ಬಂದದ್ದು ಹೇಗೆ? ಅಲ್ಲಿ ನೋಡಲು ಬೇರೇನಾದರೂ ಇದೆಯೇ?

ಉತ್ತರ: ಪ್ಯಾರಿಸ್ಸಿನ ನೈಋತ್ಯಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ, ಸಾರ್ತ್ ನದಿಯ ದಂಡೆಯ ಮೇಲಿರುವ ಈ ನಗರಕ್ಕೆ ಮೋಟಾರು ಬಂಡಿಯ ನಂಟು ಓಟಕ್ಕಿಂತಲೂ ಹಳೆಯದು. ಚರ್ಚುಗಳಿಗೆ ಗಂಟೆಗಳನ್ನು ಎರಕ ಹೊಯ್ಯುತ್ತಿದ್ದ ಮನೆತನದ ಅಮೆದೆ ಬೊಲ್ಲೆ ಎಂಬಾತ, ಪೆಟ್ರೋಲ್ ಕಾರು ಇನ್ನೂ ಹುಟ್ಟದಿದ್ದ 1873ರಲ್ಲಿಯೇ ಹನ್ನೆರಡು ಜನ ಕೂರಬಹುದಾದ ಹಬೆಬಂಡಿಯೊಂದನ್ನು ಇಲ್ಲಿ ಕಟ್ಟಿದ್ದ. ಎರಡು ವರ್ಷಗಳ ಬಳಿಕ ಅದನ್ನು ಪ್ಯಾರಿಸ್ಸಿನವರೆಗೂ ಓಡಿಸಿಕೊಂಡು ಹೋದ. 1906ರಲ್ಲಿ ಗ್ರಾನ್ ಪ್ರಿ ಎಂಬ ದೊಡ್ಡ ಕಾರು ಪಂದ್ಯ ಫ್ರಾನ್ಸಿನಲ್ಲಿ ಮೊದಲ ಸಲ ನಡೆದದ್ದೂ ಈ ಊರಿನ ಹೊರವಲಯದ ರಸ್ತೆಗಳಲ್ಲಿಯೇ. ಹೀಗಾಗಿ ಸ್ಥಳೀಯ ಆಟೊಮೊಬೈಲ್ ಕ್ಲಬ್ಬು 1923ರ ಮೇ ತಿಂಗಳಲ್ಲಿ, ವೇಗಕ್ಕಿಂತ ಹೆಚ್ಚಾಗಿ ಕಾರುಗಳ ಬಾಳಿಕೆಯನ್ನು ಪರೀಕ್ಷಿಸಲು ಹಗಲೂ ರಾತ್ರಿ ಓಡಬೇಕಾದ ಪಂದ್ಯವನ್ನು ಹೂಡಿದಾಗ, ಊರು ಅದಕ್ಕೆ ಮೊದಲೇ ಸಿದ್ಧವಾಗಿತ್ತೆಂದು ನನ್ನ ಭಾವನೆ.

ಈಗಿನ ಪಥ 13.6 ಕಿಲೋಮೀಟರಿನದು. ಅದರ ಬಹುಭಾಗ ವರ್ಷದ ಉಳಿದ ದಿನಗಳಲ್ಲಿ ಲಾರಿ, ಕಾರುಗಳು ಓಡಾಡುವ ಸಾರ್ವಜನಿಕ ರಸ್ತೆ. ಸುಮಾರು ಆರು ಕಿಲೋಮೀಟರ್ ನೇರ ಹಾದಿಯಲ್ಲಿ ವೇಗವು ಗಂಟೆಗೆ 400 ಕಿಲೋಮೀಟರ್ ದಾಟಿದ್ದರಿಂದ 1990ರಲ್ಲಿ ಅಲ್ಲಿ ಎರಡು ಕಡೆ ತಿರುವುಗಳನ್ನು ಸೇರಿಸಲಾಯಿತು. 1955ರ ದುರಂತವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ: ಮರ್ಸಿಡಿಸ್ ಕಾರೊಂದು ಮುಂದಿದ್ದ ಕಾರಿಗೆ ತಗುಲಿ, ಅದರ ಭಾಗಗಳು ಸಿಡಿದು ಜನರ ಮೇಲೆ ಬಿದ್ದು, ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಓಟ ಶುರುವಾಗುವಾಗ ಚಾಲಕರು ರಸ್ತೆಯ ಆಚೆಯಿಂದ ಓಡಿ ಬಂದು ಕಾರು ಹತ್ತುವ ಪದ್ಧತಿಯೂ ಅಪಾಯದ್ದೇ ಆಗಿತ್ತು, ಏಕೆಂದರೆ ಅವಸರದಲ್ಲಿ ಬೆಲ್ಟು ಬಿಗಿಯಲು ವ್ಯವಧಾನವಿರುತ್ತಿರಲಿಲ್ಲ. 1969ರಲ್ಲಿ ಬೆಲ್ಜಿಯಮ್ಮಿನ ಜಾಕಿ ಇಕ್ಸ್ ಪ್ರತಿಭಟನೆಯಾಗಿ ನಿಧಾನಕ್ಕೆ ನಡೆದು ಬಂದು, ಬೆಲ್ಟು ಬಿಗಿದುಕೊಂಡು, ಎಲ್ಲರಿಗಿಂತ ಕೊನೆಯಲ್ಲಿ ಹೊರಟರೂ ಸಹಚಾಲಕನೊಂದಿಗೆ ಗೆದ್ದ. ಮರುವರ್ಷವೇ ಆ ಪದ್ಧತಿ ನಿಂತಿತು.

ನೋಡಲು ಬಹಳವಿದೆ. ಇಟ್ಟಿಗೆ, ಕಲ್ಲುಗಳ ವಿನ್ಯಾಸವಿರುವ ರೋಮನ್ ಕಾಲದ ಕೋಟೆಗೋಡೆ, ಅದರ ಮೇಲಿನ ಹಳೆಯ ಪೇಟೆ, ಸಂತ ಜೂಲಿಯನ್ನರ ಕೆಥೆಡ್ರಲ್ ಒಂದೇ ಕಡೆ ಸಿಗುತ್ತವೆ. ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿ 1133ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಓಟ ಸಾಮಾನ್ಯವಾಗಿ ಜೂನ್‌ನಲ್ಲಿ ನಡೆಯುತ್ತದೆ. ಹಳೆಯ ಪೇಟೆಯನ್ನು ನಿಧಾನವಾಗಿ ನೋಡಬೇಕೆಂದಿದ್ದರೆ ಬೇರೆ ತಿಂಗಳಲ್ಲಿ ಹೋಗಿ, ಆಗ ಪಂದ್ಯದ ಆ ನೇರ ರಸ್ತೆಯಲ್ಲಿ ನೀವೂ ಕಾರಿನಲ್ಲಿ ಸಾಗಬಹುದು.